20 ಯಾರ್ಡ್ ಫೀಲ್ಡ್ ಗೋಲ್‌ಗೂ 3, 68 ಯಾರ್ಡ್‌ಗೂ 3: ಈ ಲೆಕ್ಕ ಬದಲಾಗಬೇಕಾ?

ಡಲ್ಲಾಸ್_ಕನ್ನಡಿಗ:

ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್ ನೋಡುವವರು ಇಲ್ಲಿದ್ದರೆ ನಿಮ್ಮ ಅಭಿಪ್ರಾಯ ಬೇಕು. 2025ರ ನವೆಂಬರ್ 2ರಂದು ಲಾಸ್ ವೇಗಸ್‌ನಲ್ಲಿ ಜಾಗ್ವಾರ್ಸ್ ತಂಡದ ಕ್ಯಾಮ್ ಲಿಟಲ್ 68 ಯಾರ್ಡ್‌ನಿಂದ ಫೀಲ್ಡ್ ಗೋಲ್ ಹೊಡೆದರು, ಅಂದರೆ ಚೆಂಡನ್ನು ಒದ್ದು ಗೋಲ್ ಪೋಸ್ಟ್‌ನ ಎರಡು ಕಂಬಗಳ ನಡುವೆ ದಾಟಿಸಿದರು. ಹೊಸ ದಾಖಲೆ. ಟಾಮ್ ಡೆಂಪ್ಸಿ 1970ರಲ್ಲಿ ಹೊಡೆದ 63 ಯಾರ್ಡ್ ದಾಟಲು 43 ವರ್ಷ ಬೇಕಾಯಿತು, 2013ರಲ್ಲಿ ಮ್ಯಾಟ್ ಪ್ರೇಟರ್ 64 ಹೊಡೆದರು, 2021ರಲ್ಲಿ ಜಸ್ಟಿನ್ ಟಕರ್ 66, ಈಗ 68. ಮೊದಲು ಪಂಟ್ ಮಾಡುತ್ತಿದ್ದ (ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಿದ್ದ) ಜಾಗದಿಂದ ಈಗ ಫೀಲ್ಡ್ ಗೋಲ್ ಹೊಡೆಯಲು ಕಿಕ್ಕರ್ ಬರುತ್ತಾನೆ.

ನನ್ನ ಯೋಚನೆ ಹೀಗಿದೆ. 30 ಯಾರ್ಡ್‌ಗಿಂತ ಕಡಿಮೆ ಇದ್ದರೆ 2 ಪಾಯಿಂಟ್, 55ರವರೆಗೆ 3, ಅದಕ್ಕಿಂತ ಜಾಸ್ತಿಗೆ 4 ಕೊಡಲಿ. ಎದುರಾಳಿಯ 5 ಯಾರ್ಡ್ ಗೆರೆವರೆಗೆ ಹೋಗಿ, ನಾಲ್ಕನೇ ಡೌನ್‌ನಲ್ಲಿ (ಅಂದರೆ ಕೊನೆಯ ಪ್ರಯತ್ನದಲ್ಲಿ) ಸುಮ್ನೆ ಕಿಕ್ ಮಾಡಿ 3 ಪಾಯಿಂಟ್ ತೆಗೆದುಕೊಂಡು ಹೋಗುವುದನ್ನು ನೋಡಿದರೆ ಬೇಜಾರಾಗುತ್ತದೆ. 2 ಮಾಡಿದರೆ ಕೋಚ್‌ಗಳು ಟಚ್‌ಡೌನ್‌ಗೆ (ಚೆಂಡನ್ನು ಗೋಲ್ ಗೆರೆ ದಾಟಿಸಿದರೆ 6 ಪಾಯಿಂಟ್) ಪ್ರಯತ್ನಿಸುತ್ತಾರೆ ಅಲ್ವಾ?

ಸುಮಾ_ನ್ಯೂಜೆರ್ಸಿ:

ನಿಮ್ಮ ಬೇಜಾರು ಅರ್ಥವಾಗುತ್ತದೆ, ಆದರೆ ಈ ನಿಯಮ ಬಂದರೆ ಏನಾಗುತ್ತದೆ ನೋಡಿ. ಫೀಲ್ಡ್ ಗೋಲ್ ದೂರ ಅಂದರೆ ಚೆಂಡು ಇರುವ ಜಾಗಕ್ಕೆ ಸುಮಾರು 17 ಯಾರ್ಡ್ ಸೇರಿಸಬೇಕು: ಎಂಡ್ ಜೋನ್‌ನದು (ಗೋಲ್ ಗೆರೆಯ ಆಚೆಗಿನ ಜಾಗ) 10, ಕಿಕ್‌ಗೆ ಚೆಂಡು ಹಿಡಿದುಕೊಡುವ ಹೋಲ್ಡರ್ ಹಿಂದೆ ಕೂರುವುದಕ್ಕೆ 7. ಚೆಂಡು ಎದುರಾಳಿಯ 36 ಯಾರ್ಡ್ ಗೆರೆಯಲ್ಲಿದ್ದರೆ 53 ಯಾರ್ಡ್ ಕಿಕ್, 3 ಪಾಯಿಂಟ್. ಕೋಚ್ ಬೇಕೆಂದೇ ಚೆಂಡು ಆಡಲು ಕೊಟ್ಟ ಸಮಯ ಮುಗಿಯಲು ಬಿಟ್ಟು 5 ಯಾರ್ಡ್ ದಂಡ ತೆಗೆದುಕೊಳ್ಳುತ್ತಾನೆ. 58 ಯಾರ್ಡ್ ಆಯಿತು, 4 ಪಾಯಿಂಟ್! ಅದೇ ರೀತಿ 10 ಯಾರ್ಡ್ ಗೆರೆಯಲ್ಲಿ ಸಿಕ್ಕಿಕೊಂಡವರು ಮೂರನೇ ಡೌನ್‌ನಲ್ಲಿ ಹಿಂದಕ್ಕೆ ಓಡಿ ಮಂಡಿಯೂರಿ ಚೆಂಡನ್ನು ಅಲ್ಲೇ ನಿಲ್ಲಿಸುತ್ತಾರೆ, ಯಾಕೆಂದರೆ 27 ಯಾರ್ಡ್ ಕಿಕ್‌ಗೆ 2, 30ಕ್ಕೆ 3. ಮುಂದಕ್ಕೆ ಹೋದವರಿಗೆ ನಷ್ಟ, ಹಿಂದಕ್ಕೆ ಬಂದವರಿಗೆ ಲಾಭ. ಇಡೀ ಆಟ ನಿಂತಿರುವುದೇ ಒಂದೊಂದು ಯಾರ್ಡ್ ಗೆಲ್ಲುವುದರ ಮೇಲೆ, ಅದನ್ನೇ ಕೆಡಿಸಿದ ಹಾಗಾಗುತ್ತದೆ. ಕ್ರಿಕೆಟ್‌ನಲ್ಲಿ 70 ಮೀಟರ್ ಸಿಕ್ಸರ್ ಆಗಲಿ 100 ಮೀಟರ್ ಆಗಲಿ, 6 ರನ್ನೇ. ನನಗೆ ಅದು ಸರಿ ಅನಿಸುತ್ತದೆ.

ಯುರೋಪ್‌ನಲ್ಲಿ ಎನ್‌ಎಫ್‌ಎಲ್ ನಡೆಸುತ್ತಿದ್ದ ಲೀಗ್‌ನಲ್ಲಿ 50 ದಾಟಿದ ಫೀಲ್ಡ್ ಗೋಲ್‌ಗೆ 4 ಪಾಯಿಂಟ್ ಇತ್ತು. ಎನ್‌ಎಫ್‌ಎಲ್ ಅದನ್ನು ಇಲ್ಲಿಗೆ ತರಲಿಲ್ಲ.

ಹಳೇ_ಮ್ಯಾಚ್_ಪ್ರಿಯ:

ಸುಮಾ ಅವರ ಮಾತಿಗೆ ಇನ್ನೊಂದಿಷ್ಟು ಸೇರಿಸುತ್ತೇನೆ. ಫೀಲ್ಡ್ ಗೋಲ್ 4ರಿಂದ 3 ಪಾಯಿಂಟ್‌ಗೆ ಇಳಿದದ್ದು 1909ರಲ್ಲಿ, ಆಗ ಎನ್‌ಎಫ್‌ಎಲ್ ಹುಟ್ಟೇ ಇರಲಿಲ್ಲ. ಲೀಗ್ ಇಷ್ಟು ವರ್ಷದಲ್ಲಿ ಆ 3ನ್ನು ಮುಟ್ಟಿಲ್ಲ. ಕಿಕ್ ಸುಲಭವಾದಾಗಲೆಲ್ಲ ಕಿಕ್ಕನ್ನೇ ಕಷ್ಟ ಮಾಡಿದ್ದಾರೆ. 1974ರವರೆಗೆ ಗೋಲ್ ಪೋಸ್ಟ್ ಗೋಲ್ ಗೆರೆಯ ಮೇಲೇ ಇತ್ತು, ಆ ವರ್ಷ ಅದನ್ನು 10 ಯಾರ್ಡ್ ಹಿಂದಕ್ಕೆ ಹಾಕಿದರು. ಅದಕ್ಕೂ ಮುಖ್ಯವಾದದ್ದು, ಅಲ್ಲಿಯವರೆಗೆ ಎಷ್ಟೇ ದೂರದಿಂದ ಹೊಡೆದು ತಪ್ಪಿದರೂ ಚೆಂಡು ಪೋಸ್ಟ್ ಹಿಂದಕ್ಕೆ ಹೋದರೆ ಎದುರಾಳಿ ತನ್ನ 20ರಿಂದಲೇ ಶುರು ಮಾಡಬೇಕಿತ್ತು. ಹಾಗಾಗಿ ಬೇಕಾಬಿಟ್ಟಿ ಹೊಡೆಯುತ್ತಿದ್ದರು, ನಷ್ಟವೇನೂ ಇರಲಿಲ್ಲ. 1974ರಲ್ಲಿ ಚೆಂಡಿದ್ದ ಜಾಗ ಕೊಡಲು ಶುರು ಮಾಡಿದರು, 1994ರಲ್ಲಿ ಅದಕ್ಕೂ ಹಿಂದಿರುವ, ಕಿಕ್ ಮಾಡಿದ ಜಾಗವನ್ನೇ ಕೊಟ್ಟರು. ಈಗ 60 ಯಾರ್ಡ್ ತಪ್ಪಿದರೆ ಎದುರಾಳಿಗೆ ಮೈದಾನದ ನಡುವೆಯೇ ಚೆಂಡು ಸಿಗುತ್ತದೆ. ಲಿಟಲ್ 68 ಹೊಡೆದದ್ದು ಮೊದಲರ್ಧ ಮುಗಿಯುವ ಕ್ಷಣದಲ್ಲಿ, ತಪ್ಪಿದ್ದರೂ ಎದುರಾಳಿಗೆ ಸಮಯ ಉಳಿಯುತ್ತಿರಲಿಲ್ಲ.

ಎಕ್ಸ್‌ಟ್ರಾ ಪಾಯಿಂಟ್‌ಗೂ (ಟಚ್‌ಡೌನ್ ಆದ ಮೇಲಿನ 1 ಪಾಯಿಂಟ್ ಕಿಕ್) ಇದನ್ನೇ ಮಾಡಿದರು. 100ಕ್ಕೆ 99 ಒಳಗೆ ಹೋಗುತ್ತಿತ್ತು, ಯಾರೂ ನೋಡುತ್ತಲೂ ಇರಲಿಲ್ಲ. 2014ರಲ್ಲಿ ಕಮಿಷನರ್ ರೋಜರ್ ಗುಡೆಲ್ ಅದನ್ನು ತೆಗೆದೇ ಹಾಕುವ ಮಾತಾಡಿದ್ದರು. 2015ರಲ್ಲಿ ಕೋಲ್ಟ್ಸ್ ತಂಡ ಇನ್ನೂ ಮುಂದೆ ಹೋಗಿ, 2 ಪಾಯಿಂಟ್ ಪ್ರಯತ್ನ (ಆ ಕಿಕ್ ಬದಲು ಚೆಂಡನ್ನು ಮತ್ತೆ ಗೋಲ್ ಗೆರೆ ದಾಟಿಸುವುದು) ಗೆದ್ದವರಿಗೆ 50 ಯಾರ್ಡ್‌ನ ಬೋನಸ್ ಕಿಕ್ ಕೊಡಿ ಎಂದಿತು, ಅಂದರೆ ಒಂದು ಟಚ್‌ಡೌನ್‌ನಿಂದ 9 ಪಾಯಿಂಟ್! ಕೊನೆಗೆ ಒಪ್ಪಿದ್ದು ತುಂಬಾ ಸರಳವಾದದ್ದು: ಚೆಂಡನ್ನು 15ರ ಗೆರೆಗೆ ತಂದರು, ಕಿಕ್ 33 ಯಾರ್ಡ್ ಆಯಿತು. ಈಗ 100ಕ್ಕೆ ಸುಮಾರು 5 ತಪ್ಪುತ್ತವೆ. ಪಾಯಿಂಟ್ ಅದೇ 1.

ಡಲ್ಲಾಸ್_ಕನ್ನಡಿಗ:

ಬೇಕೆಂದೇ ದಂಡ ತೆಗೆದುಕೊಳ್ಳುವ ವಿಷಯ ಒಪ್ಪಿದೆ, ಅದಕ್ಕೆ ನನ್ನ ಬಳಿ ಉತ್ತರ ಇಲ್ಲ. ಆದರೆ ಈಗ ಕಿಕ್‌ಆಫ್ (ಚೆಂಡನ್ನು ಎದುರಾಳಿಯತ್ತ ಒದ್ದು ಆಟ ಶುರು ಮಾಡುವುದು) ಕೂಡ ಬದಲಾಗಿದೆ ಅಲ್ವಾ? 2025ರಿಂದ ಟಚ್‌ಬ್ಯಾಕ್ ಆದರೆ, ಅಂದರೆ ಆ ಚೆಂಡು ಎಂಡ್ ಜೋನ್‌ಗೆ ಹೋಗಿ ಯಾರೂ ಅದನ್ನು ಹಿಡಿದು ಓಡದಿದ್ದರೆ, ತನ್ನ 35 ಯಾರ್ಡ್ ಗೆರೆಯಿಂದ ಶುರು. ಅಲ್ಲಿಂದ ಎದುರಾಳಿಯ 43ಕ್ಕೆ ಬರೀ 22 ಯಾರ್ಡ್. ಅಷ್ಟು ಹೋದರೆ 60 ಯಾರ್ಡ್ ಕಿಕ್. ಅರ್ಧ ನಿಮಿಷ ಉಳಿದಿದ್ದರೂ ಸಾಕು. ಕೊನೆಯಲ್ಲಿ ಮುನ್ನಡೆ ಹಿಡಿದುಕೊಳ್ಳಲು ಡಿಫೆನ್ಸ್ ಎಷ್ಟೊಂದು ಕಷ್ಟಪಟ್ಟಿರುತ್ತದೆ, ಎರಡು ಪಾಸ್‌ನಲ್ಲಿ ಎಲ್ಲ ಹೋಗುತ್ತದೆ. ಟಚ್‌ಬ್ಯಾಕನ್ನು 30ಕ್ಕೆ ಇಳಿಸಬಾರದಾ?

ಹಳೇ_ಮ್ಯಾಚ್_ಪ್ರಿಯ:

ಅದನ್ನು ಮುಟ್ಟಬಾರದು. 2024ರಲ್ಲಿ ಹೊಸ ಕಿಕ್‌ಆಫ್ ಬಂದಾಗ 30ರಲ್ಲೇ ಇಟ್ಟಿದ್ದರು, ತಂಡಗಳು ಲೆಕ್ಕ ಹಾಕಿ ಚೆಂಡನ್ನು ಎಂಡ್ ಜೋನ್ ಆಚೆಗೇ ಹೊಡೆದವು, ಮೂರರಲ್ಲಿ ಒಂದು ಕಿಕ್ ಮಾತ್ರ ರಿಟರ್ನ್ ಆಗುತ್ತಿತ್ತು, ಅಂದರೆ ಹಿಡಿದು ವಾಪಸ್ ಓಡುತ್ತಿದ್ದರು. 35 ಮಾಡಿದ ಮೇಲೆ ರಿಟರ್ನ್ ಎರಡು ಪಟ್ಟಿಗೂ ಜಾಸ್ತಿ ಆಯಿತು. 2024ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ (ಲೀಗ್‌ನ ಫೈನಲ್) ಒಂದೇ ಒಂದು ಕಿಕ್‌ಆಫ್ ರಿಟರ್ನ್ ಇರಲಿಲ್ಲ, ಆ ದಿನ ಮತ್ತೆ ಬೇಡ. ಈಗ ಇಬ್ಬರು ರಿಟರ್ನರ್‌ಗಳು ಚೆಂಡು ಹಿಡಿದು ಓಡುವುದು ನೋಡಲು ಎಷ್ಟು ಚೆನ್ನಾಗಿದೆ! ದೂರದಿಂದ ಪೂರ್ತಿ ವೇಗದಲ್ಲಿ ಓಡಿಬಂದು ಡಿಕ್ಕಿ ಹೊಡೆಯುವುದೂ ತಪ್ಪಿದೆ, ಎರಡೂ ಕಡೆಯವರು ಹತ್ತಿರದಲ್ಲೇ ನಿಂತಿರುತ್ತಾರೆ.

ಮಂಡ್ಯ_ಟು_ಮಿನ್ನೆಸೋಟ:

ಗೋಲ್ ಪೋಸ್ಟ್ ಕಿರಿದು ಮಾಡಿ ಅಂತ ಯಾರಾದರೂ ಹೇಳುತ್ತಾರೆ ಅಂತ ಕಾಯ್ತಿದ್ದೆ. ಈಗ 18 ಅಡಿ 6 ಇಂಚು ಅಗಲ. 2015ರ ಪ್ರೊ ಬೌಲ್‌ನಲ್ಲಿ (ಸ್ಟಾರ್ ಆಟಗಾರರ ಪ್ರದರ್ಶನ ಪಂದ್ಯ) 14 ಅಡಿ ಇಟ್ಟು ನೋಡಿದ್ದರು. ದಯವಿಟ್ಟು ಬೇಡ. ಅದರಿಂದ 60 ಯಾರ್ಡ್ ಕಿಕ್ ಮಾತ್ರ ಅಲ್ಲ, 40 ಯಾರ್ಡ್ ಕಿಕ್ಕೂ ಕೆಡುತ್ತದೆ. 1991ರ ಜನವರಿಯಲ್ಲಿ ಬಫಲೋದ ಸ್ಕಾಟ್ ನಾರ್ವುಡ್ 47 ಯಾರ್ಡ್ ಕಿಕ್ ತಪ್ಪಿಸಿ 20-19ರಿಂದ ಸೂಪರ್ ಬೌಲ್ ಹೋಯಿತು, ಆ ಮನುಷ್ಯನ ಹೆಸರು ಬಂದರೆ ಈಗಲೂ ಜನ ಅದೊಂದೇ ನೆನಪಿಸಿಕೊಳ್ಳುತ್ತಾರೆ. ಅಂಥವರನ್ನು ಇನ್ನಷ್ಟು ಮಾಡುವುದು ಯಾಕೆ?

ನೋಡಬೇಕಾದದ್ದು ಚೆಂಡನ್ನು. ಕಿಕ್‌ಗೆಂದೇ ಬೇರೆ ಚೆಂಡು ಇರುತ್ತದೆ, ಕೆ ಬಾಲ್ ಅಂತಾರೆ. ಮೊದಲು ಅದು ಆಟದ ದಿನವಷ್ಟೇ ತಂಡದ ಕೈಗೆ ಬರುತ್ತಿತ್ತು, ಉಜ್ಜಿ ಮೆತ್ತಗೆ ಮಾಡಲು ಸ್ವಲ್ಪ ಹೊತ್ತು ಮಾತ್ರ. 2025ರಿಂದ ಸೀಸನ್‌ಗೆ ಮುಂಚೆಯೇ ಕೊಡುತ್ತಾರೆ, ನಿಧಾನವಾಗಿ ಹದ ಮಾಡಿಕೊಳ್ಳಬಹುದು. ಹದವಾದ ಚೆಂಡು ಕಾಲಿಗೆ ಚೆನ್ನಾಗಿ ಸಿಗುತ್ತದೆ. ಕಿಕ್ಕರ್‌ಗಳ ಸಾಮರ್ಥ್ಯ ನಿಜಕ್ಕೂ ಬೆಳೆದಿದೆ, ಅದರಲ್ಲಿ ಅನುಮಾನ ಇಲ್ಲ, ನಿಮ್ಮ ಡಲ್ಲಾಸ್‌ನ ಬ್ರ್ಯಾಂಡನ್ ಆಬ್ರಿ ಸಾಕರ್ ಬಿಟ್ಟು ಬಂದು 65 ಹೊಡೆದಿದ್ದಾರೆ. ಆದರೆ ಕೊನೆಯ ಕೆಲವು ಯಾರ್ಡ್ ಕೊಟ್ಟಿರುವುದು ಈ ಚೆಂಡು ಅಂತ ನನ್ನ ನಂಬಿಕೆ. ಹಳೇ ನಿಯಮಕ್ಕೆ ವಾಪಸ್ ಹೋದರೆ ಸಾಕು.

ಸುಮಾ_ನ್ಯೂಜೆರ್ಸಿ:

ಇದು ನನಗೂ ಒಪ್ಪಿಗೆ. ನಿಯಮ ಬದಲಾಗಲು 32 ತಂಡಗಳಲ್ಲಿ 24 ವೋಟ್ ಬೇಕು. ಪಾಯಿಂಟ್ ಮುಟ್ಟುತ್ತೇವೆ ಅಂದರೆ ಅಷ್ಟು ಸಿಗುವುದು ಕಷ್ಟ, ಚೆಂಡಿನ ನಿಯಮಕ್ಕೆ ಸಿಗಬಹುದು. ಮತ್ತೆ, ಆ ಲಾಸ್ ವೇಗಸ್ ಮ್ಯಾಚ್ ಮುಗಿದದ್ದು ಹೇಗೆ ಅಂತ ಯಾರೂ ಹೇಳಲಿಲ್ಲ! ಓವರ್‌ಟೈಮ್‌ನಲ್ಲಿ ಜಾಗ್ವಾರ್ಸ್‌ನ ಎದುರಾಳಿ ರೈಡರ್ಸ್ ಟಚ್‌ಡೌನ್ ಮಾಡಿ ಒಂದು ಪಾಯಿಂಟ್ ಹಿಂದಿದ್ದರು, ಕಿಕ್ ಮಾಡಿ ಸಮ ಮಾಡಿಕೊಳ್ಳಬಹುದಿತ್ತು, 2 ಪಾಯಿಂಟ್‌ಗೆ ಹೋದರು, ಸಿಗಲಿಲ್ಲ, 30-29ರಿಂದ ಸೋತರು. ನನಗೆ ಆ ಧೈರ್ಯ ತುಂಬಾ ಇಷ್ಟವಾಯಿತು.