ಅಪ್‌ಡೇಟ್: ಅಕ್ಕನ ದನಿಯ ನಕಲಿ ಹಾಡು ಕೊನೆಗೂ ಇಳಿಯಿತು

ಹೋದ ತಿಂಗಳು ಕೇಳಿದ್ದೆ: ನಮ್ಮ ಅಕ್ಕ ಹಾಡದೇ ಇರುವ ದೇವರನಾಮವೊಂದು ಅವಳದೇ ದನಿಯಲ್ಲಿ ಎಲ್ಲ ಕಡೆ ಓಡಾಡುತ್ತಿದೆ, ಅದು ಎಐ ಮಾಡಿದ್ದು ಅಂತ ತೋರಿಸುವುದು ಹೇಗೆ? ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಮೊದಲು ನಕಲಿ ದನಿ ಪತ್ತೆ ಮಾಡುವ ಎರಡು ಸಾಫ್ಟ್‌ವೇರ್ ನೋಡಿದೆವು. ಒಂದು ನಕಲಿ ಅಂದಿತು, ಇನ್ನೊಂದು ಅಸಲಿ ಅಂದಿತು. ವಾಟ್ಸಾಪ್‌ನಲ್ಲಿ ಬಂದ ಫೈಲ್ ಕುಗ್ಗಿರಬಹುದು, ಸಣ್ಣಪುಟ್ಟ ಗುರುತುಗಳು ಅಳಿಸಿಹೋಗಿರಬಹುದು. ಅದನ್ನೊಂದೇ ನಂಬಿ ಕೂರಬೇಡಿ.

ಕೆಲಸಕ್ಕೆ ಬಂದದ್ದು ಅಕ್ಕನ ಕಿವಿ. ಅನುಪಲ್ಲವಿಯ, ಅಂದರೆ ಪಲ್ಲವಿಯ ನಂತರದ ಭಾಗದ, ಉದ್ದ ಸಾಲಿನಲ್ಲಿ ಎಲ್ಲೂ ಉಸಿರೇ ಇಲ್ಲ. ತೋಡಿ ರಾಗದ ಗಾಂಧಾರ ಸ್ವರ ಪ್ರತಿ ಸಲವೂ ಅಚ್ಚೊತ್ತಿದ ಹಾಗೆ ಒಂದೇ ರೀತಿ ತೂಗುತ್ತದೆ. ಮನುಷ್ಯರು ಹಾಗೆ ಹಾಡುವುದಿಲ್ಲ, ಅಲ್ವಾ? ಅವಳ ಹಳೆಯ ರೆಕಾರ್ಡಿಂಗ್ ಪಕ್ಕದಲ್ಲಿಟ್ಟು, ನಿಮಿಷ, ಸೆಕೆಂಡ್ ಸಮೇತ ಬರೆದು, ಹಾಡು ಇದ್ದ ಜಾಲತಾಣಕ್ಕೆ ದೂರು ಕೊಟ್ಟೆವು. 2024ರ ಜುಲೈನಲ್ಲಿ ಗಾಯಕ ಅರಿಜಿತ್ ಸಿಂಗ್ ಪರವಾಗಿ ಬಾಂಬೆ ಹೈಕೋರ್ಟ್ ಕೊಟ್ಟ ಮಧ್ಯಂತರ ಆದೇಶವನ್ನೂ ಜೊತೆಗಿಟ್ಟೆವು. ಒಪ್ಪಿಗೆಯಿಲ್ಲದೆ ಗಾಯಕರ ದನಿಯನ್ನು ಎಐನಿಂದ ನಕಲು ಮಾಡುವುದು ಅವರ ಹಕ್ಕಿಗೆ ಧಕ್ಕೆ ಅಂತ ಅದರಲ್ಲಿದೆ.

ಒಂಬತ್ತನೇ ದಿನ ಹಾಡು ಇಳಿಯಿತು. ಹಾಕಿದವರು ಯಾರು ಅಂತ ಇನ್ನೂ ಗೊತ್ತಾಗಿಲ್ಲ. ಸೈಬರ್ ಠಾಣೆಗೂ ಬರೆದುಕೊಟ್ಟಿದ್ದೇವೆ. ಇಷ್ಟು ದಿನ ಸುಮ್ನೆ ಕೂತಿದ್ದ ಅಕ್ಕ ನಿನ್ನೆ ಬೆಳಿಗ್ಗೆ ಮತ್ತೆ ತಂಬೂರಿ ಹಿಡಿದಳು.