ಬ್ರೆಟ್ ಹಾರ್ಟ್ ವರ್ಸಸ್ ಡೀಸೆಲ್, ಸರ್ವೈವರ್ ಸೀರೀಸ್ 1995: ಆ ಕೊನೇ ಪಟ್ಟು ಮೋಸಾನಾ?

ಕಪ್ಪು_ಗುಲಾಬಿ:
ನಿನ್ನೆ ರಾತ್ರಿ ನಿದ್ದೆ ಬರ್ಲಿಲ್ಲ, ಹಳೇ WWF (ಈಗಿನ WWE) ಕುಸ್ತಿ ಮ್ಯಾಚ್ ಹುಡುಕ್ತಾ ಕೂತಿದ್ದೆ, 1995 ನವೆಂಬರ್ 19ರದ್ದು ಸಿಕ್ತು. ಮೇರಿಲ್ಯಾಂಡಿನ ಲ್ಯಾಂಡೋವರ್‌ನಲ್ಲಿ ನಡ್ದಿದ್ದು, ಬ್ರೆಟ್ ಹಾರ್ಟ್ ಮತ್ತೆ ಡೀಸೆಲ್, ಡಿಸ್ಕ್ವಾಲಿಫಿಕೇಶನ್ ಇಲ್ದಿರೋ ಟೈಟಲ್ ಮ್ಯಾಚ್, ಅಂದ್ರೆ ರೂಲ್ ಮುರಿದ್ರೂ ಔಟ್ ಮಾಡಲ್ಲ, ಗೆದ್ದೋನಿಗೆ ಚಾಂಪಿಯನ್ ಬೆಲ್ಟ್. ಚಿಕ್ಕೋನಾಗಿದ್ದಾಗ ಇದನ್ನ ನೋಡಿ ತುಂಬಾ ಬೇಜಾರಾಗಿತ್ತು ಯಾಕಂದ್ರೆ ನಾನು ಪಕ್ಕಾ ಡೀಸೆಲ್ ಕಡೆ. ರೆಸಲರ್‌ಗಳ ಫೋಟೋ, ಅಂಕಿ ಇರೋ ಟ್ರಂಪ್ ಕಾರ್ಡ್ ಆಟದಲ್ಲಿ ಹೈಟು ವೇಯ್ಟು ಏನ್ ಕೇಳಿದ್ರೂ ಡೀಸೆಲ್ ಕಾರ್ಡ್ ಮುಂದೆ ಬ್ರೆಟ್ ಕಾರ್ಡ್ ನಿಲ್ತಿರ್ಲಿಲ್ಲ, ಹಂಗಿದ್ಮೇಲೆ ರಿಂಗಲ್ಲಿ ಹೆಂಗೆ ಸೋತ ಅನ್ನೋದೇ ಅರ್ಥ ಆಗ್ತಿರ್ಲಿಲ್ಲ.

ನನ್ ಪ್ರಶ್ನೆ ಕೊನೇ ಸೀನ್ ಬಗ್ಗೆ. ಬ್ರೆಟ್ ಜೀವ ಇಲ್ದೋನ ಥರ ಬಿದ್ದಿರ್ತಾನೆ, ಡೀಸೆಲ್ ತನ್ನ ಜಾಕ್‌ನೈಫ್‌ಗೆ (ಮೇಲೆತ್ತಿ ನೆಲಕ್ಕೆ ಕುಕ್ಕೋ ಪಟ್ಟು) ಎತ್ತೋಕೆ ಬರ್ತಾನೆ, ಇವನು ಸಟಕ್ಕಂತ ಸ್ಮಾಲ್ ಪ್ಯಾಕೇಜ್ (ಕತ್ತು ಕಾಲು ಸೇರಿಸಿ ಸುತ್ತಿ ಬೆನ್ನು ನೆಲಕ್ಕೆ ಒತ್ತೋ ಪಟ್ಟು) ಹಾಕ್ತಾನೆ, ರೆಫ್ರಿ ಒಂದು ಎರಡು ಮೂರು ಎಣಿಸ್ತಾನೆ, ಮುಗೀತು. 358 ದಿನ ಚಾಂಪಿಯನ್ ಆಗಿದ್ದೋನು ಹಿಂಗೆ ಸೋಲೋದಾ? ಆಗ ಮೋಸ ಅನ್ಸಿತ್ತು, ಈಗ್ಲೂ ಪೂರ್ತಿ ಸಮಾಧಾನ ಇಲ್ಲ. ನೀವು ಹೆಂಗೆ ನೋಡ್ತೀರ?

ಗರಡಿ_ಮಣ್ಣು:
ಅದು ಮೋಸ ಅಲ್ಲ ಗುರು, ಕುಸ್ತಿ. ನಮ್ ಮಾವ ಗರಡೀಲಿ ಸಾಮು ಮಾಡಿ ಬೆಳೆದೋರು, ಅವ್ರು ಯಾವಾಗ್ಲೂ ಹೇಳೋದು ಒಂದೇ, ನಿನಗಿಂತ ದೊಡ್ಡ ಆಳನ್ನ ಎತ್ತೋಕೆ ಹೋಗ್ಬೇಡ, ಅವನೇ ಬಗ್ಗೋ ತನಕ ಕಾಯಿ ಅಂತ. ಈ ಮ್ಯಾಚ್ ಪೂರ್ತಿ ಅದೇ ನೋಡು. ಡೀಸೆಲ್‌ನ ಏಳಡಿ ಅಂತ ಹೇಳ್ತಿದ್ರು, 317 ಪೌಂಡು, ಬ್ರೆಟ್ ಆರಡಿ. ನಿಂತಿರೋ ತನಕ ಇವನ ಕೈ ಅವನ ಕತ್ತಿಗೆ ಸರಿಯಾಗಿ ಎಟುಕಲ್ಲ. ಆದ್ರೆ ಜಾಕ್‌ನೈಫ್ ಹಾಕ್ಬೇಕಂದ್ರೆ ಡೀಸೆಲ್ ಎದುರಾಳಿ ತಲೇನ ತನ್ನ ತೊಡೆ ಮಧ್ಯ ಇಟ್ಕೊಂಡು ಸೊಂಟ ಹಿಡಿದು ಮೇಲೆತ್ತಬೇಕು, ಬಗ್ಗದೆ ಆಗೋ ಕೆಲ್ಸ ಅಲ್ಲ ಅದು. ಬ್ರೆಟ್ ನಿಂತಿದ್ರೆ ಸ್ವಲ್ಪ ಬಗ್ಗಿದ್ರೆ ಸಾಕು, ಬ್ರೆಟ್ ನೆಲಕ್ಕೆ ಕುಸಿದ್ರೆ ಪೂರ್ತಿ ಬಗ್ಬೇಕು. ಅವನು ಕುಸಿದಿದ್ದೇ ಅದಕ್ಕೆ! ಏಳಡಿ ಆಳು ಆ ಒಂದು ಗಳಿಗೇಲಿ ಏಳಡಿ ಇರಲ್ಲ, ಕತ್ತು ಕೈಗೆ ಸಿಗುತ್ತೆ, ಆಗ ಸುತ್ತಿ ಚಿತ್ ಮಾಡ್ದ.

ಮೇಲಾಗಿ ಡಿಸ್ಕ್ವಾಲಿಫಿಕೇಶನ್ನೇ ಇಲ್ದಿರೋ ಮ್ಯಾಚಲ್ಲಿ ಸುಸ್ತಾದೋನ ಥರ ಮಲ್ಗೋದು ಯಾವ ರೂಲ್ ಮುರಿಯೋದು?

ಹುಬ್ಬಳ್ಳಿ_ಹುಲಿ:
ನೋಡ್ರಿ ಎಲ್ಲಾರೂ ಬರೀ ಕೊನೇದ್ನ ಮಾತಾಡ್ತೀರಿ, ಅದಕ್ಕಿಂತ ಮದ್ಲ ಏನಾತು ಅನ್ನೋದರಾಗ ಐತಿ ಇದರ ಮಜಾ. ಬ್ರೆಟ್ ವೈರ್ ತಗೊಂಡು ಡೀಸೆಲ್ಲನ ಕಾಲು ಕಂಬಕ್ಕ ಕಟ್ಟಿ ಹಾಕ್ತಾನ. ದೊಡ್ಡ ಮರ ಕಡಿಯೋರು ಬುಡಕ್ಕ ಕೊಡ್ಲಿ ಹಾಕ್ತಾರಲ್ಲ, ಹಂಗ. ಅಷ್ಟು ಒಳ್ಳೆ ಮನಷ್ಯಾ ಅಂತ ಹೆಸರಿದ್ದಾವ ಇಂಥಾ ಕೆಲ್ಸಕ್ಕ ಇಳಿದಾನ ಅಂದ್ರ ಅವಂಗ ಬೆಲ್ಟ್ ಎಷ್ಟು ಬೇಕಾಗಿತ್ತು ನೋಡ್ರಿ.

ಆಮ್ಯಾಲ ಆ ಟೇಬಲ್. ಏಪ್ರನ್ (ಹಗ್ಗದ ಹೊರಗಿನ ರಿಂಗಿನ ಅಂಚು) ಮ್ಯಾಲ ನಿಂತ ಬ್ರೆಟ್‌ನ ಡೀಸೆಲ್ ದಬ್ಬತಾನ, ಹಾರಿ ಹೋಗಿ ಕಾಮೆಂಟ್ರಿ ಟೇಬಲ್ ಮ್ಯಾಲ ಬೀಳ್ತಾನ, ಟೇಬಲ್ ಮುರದು ಹೋಗತೈತಿ. ಮುಂದ ಕೆಲವು ವರ್ಷಕ್ಕ ವಾರಕ್ಕೊಂದು ಟೇಬಲ್ ಮುರಿಯಾಕತ್ರು, ಆದ್ರ 95ರಾಗ ಅದು ಮಾಮೂಲಿ ಅಲ್ಲರೀ. ಜನ ಖರೇನ ಹೌಹಾರಿದ್ರು. ಅದಕ್ಕ ಇವ ರಿಂಗಿನಾಗ ಏಳಲಾರದಂಗ ಬಿದ್ದಾಗ ಡೀಸೆಲ್ಲೂ ನಂಬಿದಾ, ನೋಡೋರೂ ನಂಬಿದ್ರು. ಟೇಬಲ್ ಇಲ್ಲದಿದ್ರ ಆ ನಾಟಕ ಯಾರೂ ನಂಬ್ತಿದ್ದಿಲ್ಲ.

ಮೈಸೂರಿನವ:
ಇಬ್ರೂ ಹೇಳಿದ್ದು ಒಪ್ತೀನಿ ಆದ್ರೆ ಪ್ರಶ್ನೆ ಕೇಳಿದವ್ರ ಬೇಜಾರೂ ನಿಜಾನೇ. ಹಿಂದಿನ ಎರಡು ಮ್ಯಾಚ್ ನೋಡ್ದೆ ಇದೊಂದನ್ನೇ ನೋಡಿದ್ರೆ ಹಂಗೆ ಅನ್ಸುತ್ತೆ. 1994ರ ಕಿಂಗ್ ಆಫ್ ದಿ ರಿಂಗ್ ಶೋನಲ್ಲಿ ಬ್ರೆಟ್ ಭಾವ ನೈಡ್‌ಹಾರ್ಟ್ ಮಧ್ಯ ನುಗ್ಗಿ ಡೀಸೆಲ್‌ಗೆ ಹೊಡ್ದ, ಆಗ ಚಾಂಪಿಯನ್ ಆಗಿದ್ದ ಬ್ರೆಟ್ ಡಿಸ್ಕ್ವಾಲಿಫೈ ಆದ, ಬೆಲ್ಟ್ ಮಾತ್ರ ಉಳೀತು. 1995ರ ರಾಯಲ್ ರಂಬಲ್ ಶೋನಲ್ಲಿ ಇನ್ನೊಬ್ಬ ರೆಸಲರ್ ಶಾನ್ ಮೈಕಲ್ಸ್, ಬ್ರೆಟ್ ತಮ್ಮ ಓವನ್ ಎಲ್ಲ ನುಗ್ಗಿ ಡ್ರಾ. ಅಂದ್ರೆ ಒಂದೂವರೆ ವರ್ಷ ಇವ್ರಿಬ್ರಲ್ಲಿ ಯಾರು ಮೇಲು ಅಂತ ಗೊತ್ತೇ ಆಗಿರ್ಲಿಲ್ಲ, ಮೂರನೇ ಸಲ ಯಾರೂ ಅಡ್ಡ ಬರದೆ ತೀರ್ಮಾನ ಆಯ್ತು. ನಂಗೆ ಅದೇ ದೊಡ್ಡದು.

ಬ್ರೆಟ್‌ನ ಇನ್ನೊಬ್ಬ ದೊಡ್ಡ ಎದುರಾಳಿ ಯೊಕೊಜುನಾ ಮ್ಯಾಚ್ ಜೊತೆ ಹೋಲಿಸಿ ನೋಡಿ. 1994ರ ರೆಸಲ್‌ಮೇನಿಯಾ 10 ಶೋನಲ್ಲಿ ಯೊಕೊಜುನಾ ಹಗ್ಗದ ಮೇಲಿಂದ ಆಯತಪ್ಪಿ ಬಿದ್ದಿದ್ಕೆ ಬ್ರೆಟ್ ಗೆದ್ದ. ಅದನ್ನ ಬೇಕಿದ್ರೆ ಅದೃಷ್ಟ ಅನ್ನಿ. ಇಲ್ಲಿ ಡೀಸೆಲ್ ತಾನಾಗೇ ಬೀಳ್ಲಿಲ್ಲ, ಇವನು ಬೀಳಿಸ್ದ. ಎಲ್ಲಾ ಮೊದ್ಲೇ ಬರ್ದಿಟ್ಟಿದ್ದು ಅಂತ ಗೊತ್ತು, ಆದ್ರೂ ಯಾವನು ಹೆಂಗೆ ಗೆಲ್ಬೇಕು ಅಂತ ಇಷ್ಟು ಯೋಚಿಸಿ ಬರ್ದಿರೋದು ಕಮ್ಮಿ.

ಅಂದ್ಹಾಗೆ ಡೀಸೆಲ್‌ಗೂ ಈ ಸೋಲಿಂದ ಒಳ್ಳೇದೇ ಆಯ್ತು. ಬೆಲ್ ಆದ್ಮೇಲೆ ಸಿಟ್ಟಲ್ಲಿ ಬ್ರೆಟ್‌ನ ಎತ್ತಿ ಎತ್ತಿ ಜಾಕ್‌ನೈಫ್ ಹಾಕ್ದ, ರೆಫ್ರಿಗಳನ್ನೂ ಬಿಡ್ಲಿಲ್ಲ, ವರ್ಷವಿಡೀ ನಗ್ತಾ ಕೈ ಬೀಸ್ತಿದ್ದ ಚಾಂಪಿಯನ್‌ಗಿಂತ ಆ ಎರಡು ನಿಮಿಷದ ಡೀಸೆಲ್ ನಂಗೆ ಜಾಸ್ತಿ ಇಷ್ಟ.

ಕಪ್ಪು_ಗುಲಾಬಿ:
ಥ್ಯಾಂಕ್ಸ್ ಎಲ್ರಿಗೂ. ಗರಡಿಯಣ್ಣ ಹೇಳಿದ್ದು ಓದಿ ಕೊನೇ ಎರಡು ನಿಮಿಷ ಮತ್ತೆ ಹಾಕ್ಕೊಂಡು ನೋಡ್ದೆ, ಈ ಸಲ ಬ್ರೆಟ್‌ನ ಬಿಟ್ಟು ಡೀಸೆಲ್ ಬೆನ್ನು ಮಾತ್ರ ನೋಡ್ತಾ ಕೂತೆ. ಹೌದು, ಕೊನೇ ಸಲ ಅವನು ಬಗ್ಗಿರೋದು ಅಷ್ಟು ಕೆಳಕ್ಕೆ! ಬ್ರೆಟ್ ತಲೆ ಹತ್ರಕ್ಕೇ ಬಂದಿರುತ್ತೆ ಅವನ ತಲೆ. ಇಷ್ಟು ವರ್ಷ ಅದು ಕಣ್ಣಿಗೇ ಬಿದ್ದಿರ್ಲಿಲ್ಲ.

ಡೀಸೆಲ್ ಸೋತಿದ್ದಕ್ಕೆ ಬೇಜಾರು ಇನ್ನೂ ಇದೆ, ಆದ್ರೆ ಮೋಸ ಅನ್ನೋ ಮಾತು ವಾಪಸ್ ತಗೋತೀನಿ. ಶನಿವಾರ 94ರ ಕಿಂಗ್ ಆಫ್ ದಿ ರಿಂಗ್ ನೋಡ್ತೀನಿ, ಆಮೇಲೆ ರಂಬಲ್, ಆಮೇಲೆ ಇದನ್ನ ಮತ್ತೆ ಮೊದ್ಲಿಂದ.