ಮಹಾರಾಜ ಕಾಲೇಜಿನಲ್ಲಿ ಬಿ.ಎ.: ಐಚ್ಛಿಕ ಕನ್ನಡದ ಜೊತೆಗೆ ಯಾವ ವಿಷಯಗಳು?

ಪ್ರಶ್ನೆ: ನಂಜನಗೂಡಿನ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಈ ವರ್ಷ ಕನ್ನಡ ಮಾಧ್ಯಮದಲ್ಲಿ, ಕಲಾ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದಬೇಕೆಂಬುದು ನನ್ನ ಆಸೆ. ಐಚ್ಛಿಕ ಕನ್ನಡವನ್ನು ಬಿಡುವ ಮನಸ್ಸಿಲ್ಲ. ಆದರೆ ಅದರ ಜೊತೆಗೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳಲ್ಲಿ ಯಾವ ಎರಡನ್ನು ಆರಿಸಿಕೊಂಡರೆ ಮುಂದೆ ಬಿ.ಎಡ್. ಮತ್ತು ಎಂ.ಎ. ಎರಡಕ್ಕೂ ದಾರಿ ಉಳಿಯುತ್ತದೆ ಎಂಬುದು ತಿಳಿಯುತ್ತಿಲ್ಲ. ಊರಿನಲ್ಲೇ ಪ್ರಥಮ ದರ್ಜೆ ಕಾಲೇಜು ಇರುವಾಗ ದಿನವೂ ಮೈಸೂರಿಗೆ ಹೋಗಿಬರುವುದೇಕೆ ಎಂದು ಅಪ್ಪ ಕೇಳುತ್ತಾರೆ. ಅವರಿಗೆ ಕೊಡಲು ನನ್ನ ಬಳಿ ಸರಿಯಾದ ಉತ್ತರವಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಉಪನ್ಯಾಸಕರು

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿಯ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ಕೈಬಿಟ್ಟು, 2024-25ರಿಂದ ಮತ್ತೆ ಮೂರು ವರ್ಷದ ಪದವಿಯನ್ನು ಜಾರಿಗೆ ತಂದಿದೆ. ಆದ್ದರಿಂದ ನಿಮ್ಮ ಅಕ್ಕಂದಿರು ಓದಿದ ಕ್ರಮವನ್ನು ನೋಡಿ ಲೆಕ್ಕ ಹಾಕಬೇಡಿ.

ಕನ್ನಡದ ಜೊತೆಗೆ ಇತಿಹಾಸ ಮತ್ತು ರಾಜ್ಯಶಾಸ್ತ್ರವನ್ನು ತೆಗೆದುಕೊಳ್ಳುವುದು ನಿಮ್ಮ ಉದ್ದೇಶಕ್ಕೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಶಿಕ್ಷಕರ ನೇಮಕಾತಿಯಲ್ಲಿ ಅಭ್ಯರ್ಥಿ ಪದವಿಯಲ್ಲಿ ಐಚ್ಛಿಕವಾಗಿ ಏನನ್ನು ಓದಿದ್ದಾರೆ ಎಂಬುದನ್ನು ಅಂಕಪಟ್ಟಿಯಲ್ಲಿ ನೋಡಿಯೇ ಅರ್ಹತೆ ತೀರ್ಮಾನಿಸುತ್ತಾರೆ. ಈ ಆಯ್ಕೆಯಿಂದ ಭಾಷಾ ಶಿಕ್ಷಕಿಯಾಗಲೂ ಸಮಾಜ ವಿಜ್ಞಾನದ ಶಿಕ್ಷಕಿಯಾಗಲೂ ಪ್ರಯತ್ನಿಸಬಹುದು. ಹಿಂದಿನ ನೇಮಕಾತಿಯ ಅಧಿಸೂಚನೆಯೊಂದನ್ನು ತೆಗೆದು ಅರ್ಹತೆಯ ಭಾಗವನ್ನು ನೀವೇ ಒಮ್ಮೆ ಓದಿ, ಅದು ಹತ್ತು ಜನರ ಸಲಹೆಗಿಂತ ಉಪಯುಕ್ತ. ಪಿಯು ಉಪನ್ಯಾಸಕಿಯಾಗಲು ಎಂ.ಎ.ಯಲ್ಲಿ ಶೇಕಡಾ 55 ಅಂಕಗಳ ಜೊತೆಗೆ ಬಿ.ಎಡ್. ಕೂಡ ಬೇಕು. ಅರ್ಥಶಾಸ್ತ್ರದಲ್ಲಿ ನಿಜವಾದ ಆಸಕ್ತಿಯಿದ್ದರೆ ಮಾತ್ರ ರಾಜ್ಯಶಾಸ್ತ್ರದ ಬದಲು ಅದನ್ನು ಆರಿಸಿಕೊಳ್ಳಿ.

ಕಾಲೇಜು ಆ ವರ್ಷ ಪ್ರಕಟಿಸುವ ಕಾಂಬಿನೇಶನ್‌ಗಳಲ್ಲೇ ನಿಮ್ಮ ಆಯ್ಕೆ ನಡೆಯಬೇಕಾಗುತ್ತದೆ. ಅರ್ಜಿಯನ್ನು ಪದವಿ ಪ್ರವೇಶದ ಸರ್ಕಾರಿ ಜಾಲತಾಣವಾದ ಯುಯುಸಿಎಂಎಸ್‌ನಲ್ಲಿ ತುಂಬುವಾಗ ಆತುರಪಡಬೇಡಿ. ವಿಷಯವನ್ನು ತಪ್ಪಾಗಿ ಗುರುತಿಸಿ, ಆಮೇಲೆ ಬದಲಾವಣೆಗಾಗಿ ಕಚೇರಿಯಿಂದ ಕಚೇರಿಗೆ ಅಲೆದ ವಿದ್ಯಾರ್ಥಿಗಳನ್ನು ನಾನು ಪ್ರತಿ ವರ್ಷ ನೋಡುತ್ತಿದ್ದೇನೆ.

ಉತ್ತರ 2: ಹಳೆಯ ವಿದ್ಯಾರ್ಥಿ

ನಿಮ್ಮ ತಂದೆಯವರ ಪ್ರಶ್ನೆ ನ್ಯಾಯವಾದದ್ದು. ಪಠ್ಯಕ್ರಮ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ತರಗತಿಯ ಪಾಠವನ್ನೇ ನೆಚ್ಚಿಕೊಳ್ಳುವುದಾದರೆ ಮೈಸೂರಿಗೆ ಬರುವ ಅಗತ್ಯವಿಲ್ಲ. ಅತಿಥಿ ಉಪನ್ಯಾಸಕರ ನೇಮಕ ತಡವಾಗಿ ಸೆಮಿಸ್ಟರಿನ ಮೊದಲ ವಾರಗಳು ಖಾಲಿ ಹೋಗುವ ತೊಂದರೆ ನಗರದ ಕಾಲೇಜುಗಳನ್ನೂ ಬಿಟ್ಟಿಲ್ಲ.

ಆದರೆ ತರಗತಿ ಮುಗಿದ ಮೇಲೆ ಏನು ಸಿಗುತ್ತದೆ ಎಂಬುದನ್ನು ಅವರಿಗೆ ಹೇಳಿ. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಆರಂಭಿಸಿದ ಶಾಲೆಯಿಂದ ಬೆಳೆದ ಈ ಕಾಲೇಜು 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಘಟಕ ಕಾಲೇಜು. ಕುವೆಂಪು ಇಲ್ಲಿ ಓದಿ ಇಲ್ಲಿಯೇ ಪಾಠ ಹೇಳಿದರು. 1918ರಿಂದ 1921ರವರೆಗೆ ರಾಧಾಕೃಷ್ಣನ್ ಇಲ್ಲಿ ತತ್ತ್ವಶಾಸ್ತ್ರ ಬೋಧಿಸಿದರು. ಕಾಲೇಜಿನ ಸಮೀಪದಲ್ಲೇ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ, ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಗುರುತಿಸಿ, 1909ರಲ್ಲಿ ಅದನ್ನು ಅಚ್ಚುಹಾಕಿಸಿದ್ದು ಆ ಸಂಸ್ಥೆಯಿಂದಲೇ. ಕನ್ನಡ ಮತ್ತು ಇತಿಹಾಸ ಎರಡನ್ನೂ ಓದುವವರಿಗೆ ಇಂಥ ನೆರೆ ಬೇರೆಲ್ಲಿ ಸಿಕ್ಕೀತು? ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಆವರಣವಾದ ಮಾನಸಗಂಗೋತ್ರಿಯಲ್ಲಿ ನಡೆಯುವ ವಿಚಾರಗೋಷ್ಠಿಗಳಿಗೆ ಹೋಗಿ ಕುಳಿತು, ಎಂ.ಎ. ಓದುತ್ತಿದ್ದ ಹಿರಿಯರ ಟಿಪ್ಪಣಿಗಳನ್ನು ಕೇಳಿ ಪಡೆದು, ವಿಶ್ವವಿದ್ಯಾನಿಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಅಗ್ಗದ ಪುಸ್ತಕಗಳನ್ನು ಕೊಂಡು ಓದಿದ್ದರಿಂದಲೇ ನನಗೆ ಮುಂದಿನ ಓದು ಸುಲಭವಾಯಿತು. ಪಾಠ ಮುಗಿದ ಕೂಡಲೇ ಊರಿನ ಬಸ್ಸು ಹತ್ತುವುದಾದರೆ ಇದಾವುದೂ ಕೈಗೆ ಬರುವುದಿಲ್ಲ. ವಾರಕ್ಕೆ ಮೂರು ದಿನವಾದರೂ ಸಂಜೆ ಐದರವರೆಗೆ ಗ್ರಂಥಾಲಯದಲ್ಲಿ ಉಳಿಯಿರಿ.

ಉತ್ತರ 3: ವಿದ್ಯಾರ್ಥಿನಿಯೊಬ್ಬಳ ತಾಯಿ

ನನ್ನ ಮಗಳು ಮೂರು ವರ್ಷ ನಂಜನಗೂಡಿನಿಂದಲೇ ಓಡಾಡಿ ಪದವಿ ಮುಗಿಸಿದಳು. ದೂರ ಸುಮಾರು 25 ಕಿಲೋಮೀಟರ್. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸಿನ ಖರ್ಚಿಲ್ಲ. ಚಾಮರಾಜಪುರಂನಲ್ಲಿ ನಿಲ್ಲುವ ಪ್ಯಾಸೆಂಜರ್ ರೈಲು ಸಿಕ್ಕರೆ ಅಲ್ಲಿಂದ ಕಾಲೇಜಿಗೆ ನಡೆದೇ ಹೋಗಬಹುದು. ಆದರೂ ಪರೀಕ್ಷೆಯ ದಿನಗಳಲ್ಲಿ ದಣಿವು ತಪ್ಪಲಿಲ್ಲ. ಶೇಕಡಾ 75 ಹಾಜರಾತಿಯ ನಿಯಮವಿರುವುದರಿಂದ ಒಂದು ದಿನ ಮನೆಯಲ್ಲಿ ಉಳಿಯಲೂ ಅವಳು ಯೋಚಿಸುತ್ತಿದ್ದಳು. ಹಾಸ್ಟೆಲ್‌ಗೆ ಮೊದಲೇ ಅರ್ಜಿ ಹಾಕಮ್ಮ. ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದಿದ್ದರೆ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆಂದು ಸಹಾಯಧನ ದೊರೆಯುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಈ ಉತ್ತರಗಳನ್ನು ಅಪ್ಪನಿಗೆ ಓದಿ ಹೇಳಿದೆ. ಸೋಮವಾರ ನನ್ನೊಡನೆ ಕಾಲೇಜಿಗೆ ಬಂದು ನೋಡಲು ಒಪ್ಪಿದ್ದಾರೆ. ಇತಿಹಾಸ ಮತ್ತು ರಾಜ್ಯಶಾಸ್ತ್ರ ಎಂದೇ ನಿಶ್ಚಯಿಸಿದ್ದೇನೆ. ಈ ವರ್ಷ ಆ ಕಾಂಬಿನೇಶನ್ ಇದೆಯೇ ಎಂಬುದನ್ನು ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ ಅರ್ಜಿ ತುಂಬುತ್ತೇನೆ.